ಪಕ್ಷವಿಲ್ಲದ ಮತಪತ್ರ: ಅಮೆರಿಕದಲ್ಲಿ ನ್ಯಾಯಮೂರ್ತಿಗಳ ಚುನಾವಣೆ

ಅಮೆರಿಕದ ಫೆಡರಲ್ ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಿಗೆ ನೀಡುತ್ತದೆ. ಆದರೆ ಆ ದೇಶದ ಬಹುಪಾಲು ಮೊಕದ್ದಮೆಗಳು ಇತ್ಯರ್ಥವಾಗುವುದು ರಾಜ್ಯಗಳ ನ್ಯಾಯಾಲಯಗಳಲ್ಲಿ. ಅನೇಕ ರಾಜ್ಯಗಳು ಅಲ್ಲಿನ ನ್ಯಾಯಮೂರ್ತಿಗಳ ಆಯ್ಕೆಯನ್ನು ಮತದಾರರಿಗೇ ಬಿಟ್ಟಿವೆ. ವಿಸ್ಕಾನ್ಸಿನ್, ಮಿನ್ನೆಸೋಟ, ವಾಷಿಂಗ್ಟನ್, ಆರೆಗಾನ್, ಜಾರ್ಜಿಯಾ, ಕೆಂಟಕಿ ಮೊದಲಾದ ರಾಜ್ಯಗಳಲ್ಲಿ ಮೇಲ್ಮನವಿ ಆಲಿಸುವ ನ್ಯಾಯಮೂರ್ತಿಗಳ ಚುನಾವಣೆ ಪಕ್ಷರಹಿತ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿರುತ್ತದೆ, ಪಕ್ಷದ ಹೆಸರಿರುವುದಿಲ್ಲ.

ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೂ ಯಾರು ಯಾರ ಕಡೆಯವರೆಂದು ಊರಿಗೆ ಗೊತ್ತಿರುತ್ತದೆ. ಲಕ್ಷಾಂತರ ಮತದಾರರಿರುವ ರಾಜ್ಯದಲ್ಲಿ ಅಂಥ ಪರಿಚಯ ಅಸಾಧ್ಯ. ಈ ಪದ್ಧತಿಯ ತೊಡಕು ಇರುವುದೇ ಅಲ್ಲಿ.

ಹಿನ್ನೆಲೆ

ನ್ಯಾಯಾಧೀಶರೆಲ್ಲರನ್ನೂ ಚುನಾವಣೆಯ ಮೂಲಕ ಆರಿಸುವ ಪದ್ಧತಿಯನ್ನು 1832ರಲ್ಲಿ ಮೊದಲು ತಂದ ರಾಜ್ಯ ಮಿಸಿಸಿಪಿ. 1846ರಲ್ಲಿ ನ್ಯೂಯಾರ್ಕ್ ಅದನ್ನು ಅನುಸರಿಸಿತು. ರಾಜ್ಯಪಾಲರೂ ಶಾಸಕರೂ ತಮ್ಮವರಿಗೆ ಹುದ್ದೆ ಹಂಚುವುದನ್ನು ತಡೆಯುವುದು ಇದರ ಉದ್ದೇಶವಾಗಿತ್ತು. ಆದರೆ ಕಾಲಕ್ರಮೇಣ ಟಿಕೆಟ್ ಹಂಚುವ ಪಕ್ಷಗಳ ಮುಖಂಡರೇ ನ್ಯಾಯಪೀಠದ ಮೇಲೆ ಹಿಡಿತ ಸಾಧಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಧಾರಣಾವಾದಿಗಳು ಸೂಚಿಸಿದ ಪರಿಹಾರವೇ ಪಕ್ಷರಹಿತ ಮತಪತ್ರ. 1940ರಲ್ಲಿ ಮಿಸೌರಿ ರಾಜ್ಯವು ಸಮಿತಿಯ ಶಿಫಾರಸಿನ ಮೇಲೆ ನೇಮಕ ಮಾಡಿ, ಆನಂತರ ಮತದಾರರಿಂದ ಮುಂದುವರಿಕೆಗೆ ಒಪ್ಪಿಗೆ ಪಡೆಯುವ ಮತ್ತೊಂದು ಮಾರ್ಗವನ್ನು ಹಿಡಿಯಿತು.

ಉತ್ತರ ಕೆರೊಲಿನಾದ ಪ್ರಯೋಗ

ಈ ಪದ್ಧತಿಯ ಸಾಧಕ-ಬಾಧಕಗಳು ಅತ್ಯಂತ ಸ್ಪಷ್ಟವಾಗಿ ಕಾಣುವುದು ಉತ್ತರ ಕೆರೊಲಿನಾದಲ್ಲಿ. ಅಲ್ಲಿನ ಮೇಲ್ಮನವಿ ನ್ಯಾಯಾಲಯದಲ್ಲಿ 15 ನ್ಯಾಯಮೂರ್ತಿಗಳಿದ್ದಾರೆ. ಅವಧಿ ಎಂಟು ವರ್ಷ. ಇಡೀ ರಾಜ್ಯದ ಮತದಾರರು ಅವರನ್ನು ಆರಿಸುತ್ತಾರೆ.

2002ರ ಕಾಯ್ದೆಯು ಈ ನ್ಯಾಯಾಲಯದ ಹಾಗೂ ರಾಜ್ಯದ ಸುಪ್ರೀಂ ಕೋರ್ಟಿನ ಚುನಾವಣೆಗಳನ್ನು 2004ರಿಂದ ಪಕ್ಷರಹಿತಗೊಳಿಸಿತು. ಜೊತೆಗೆ ಎರಡು ಊರುಗೋಲುಗಳನ್ನೂ ಒದಗಿಸಿತು. ಕನಿಷ್ಠ 350 ನೋಂದಾಯಿತ ಮತದಾರರಿಂದ ಸಣ್ಣ ಮೊತ್ತದ ದೇಣಿಗೆ ಸಂಗ್ರಹಿಸಿ, ವೆಚ್ಚದ ಮಿತಿಗೆ ಒಪ್ಪಿದ ಅಭ್ಯರ್ಥಿಗೆ ಸಾರ್ವಜನಿಕ ನಿಧಿಯಿಂದ ಪ್ರಚಾರದ ಹಣ ದೊರೆಯುತ್ತಿತ್ತು. ಅಭ್ಯರ್ಥಿಗಳ ಪರಿಚಯ ಪುಸ್ತಿಕೆ ಅಂಚೆಯ ಮೂಲಕ ಮನೆಮನೆಗೆ ತಲುಪುತ್ತಿತ್ತು.

ಆದರೂ ತೊಡಕುಗಳು ತಪ್ಪಲಿಲ್ಲ. 2010ರಲ್ಲಿ ಮೇಲ್ಮನವಿ ನ್ಯಾಯಾಲಯದ ಒಂದು ಸ್ಥಾನಕ್ಕೆ 13 ಮಂದಿ ಸ್ಪರ್ಧಿಸಿದಾಗ ಪ್ರಾಶಸ್ತ್ಯ ಮತಗಳನ್ನು ಎಣಿಸಬೇಕಾಯಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ಕ್ರೆಸ್ಸಿ ಥಿಗ್ಪೆನ್ ಅಂತಿಮವಾಗಿ ಡಗ್ಲಸ್ ಮೆಕಲ್ಲೋ ಎದುರು ಸೋತರು. ಸಾರ್ವಜನಿಕ ನಿಧಿಯು 2013ರಲ್ಲಿ ರದ್ದಾಯಿತು. 2014ರಲ್ಲಿ ಅವಧಿಗೆ ಮುನ್ನ ತೆರವಾದ ಸ್ಥಾನವೊಂದಕ್ಕೆ ಪ್ರಾಥಮಿಕ ಚುನಾವಣೆಯಿಲ್ಲದೆ 19 ಅಭ್ಯರ್ಥಿಗಳು ಕಣದಲ್ಲಿದ್ದರು. ಗೆದ್ದ ಜಾನ್ ಟೈಸನ್ ಅವರಿಗೆ ದೊರೆತದ್ದು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ ಮತ.

2016ರ ಪಾಠ

2016ರಲ್ಲಿ ಮೇಲ್ಮನವಿ ನ್ಯಾಯಾಲಯದ ಮತಪತ್ರಕ್ಕೆ ಪಕ್ಷದ ಹೆಸರು ಮರಳಿತು. ಸುಪ್ರೀಂ ಕೋರ್ಟಿನ ಸ್ಪರ್ಧೆ ಮಾತ್ರ ಪಕ್ಷರಹಿತವಾಗಿಯೇ ಉಳಿಯಿತು. ಒಂದೇ ದಿನ, ಅದೇ ಮತದಾರರು ನೀಡಿದ ತೀರ್ಪು ಕುತೂಹಲಕರ. ಪಕ್ಷದ ಹೆಸರಿದ್ದ ಐದೂ ಸ್ಥಾನಗಳು ರಿಪಬ್ಲಿಕನ್ನರ ಪಾಲಾದವು. ಪಕ್ಷದ ಹೆಸರಿಲ್ಲದ ಕಡೆ ಡೆಮಾಕ್ರಾಟ್ ಮೈಕೆಲ್ ಮಾರ್ಗನ್, ಅಧಿಕಾರದಲ್ಲಿದ್ದ ರಿಪಬ್ಲಿಕನ್ ರಾಬರ್ಟ್ ಎಡ್ಮಂಡ್ಸ್ ಅವರನ್ನು ಸೋಲಿಸಿದರು.

ಉಳಿದ ಐದು ಸ್ಪರ್ಧೆಗಳಲ್ಲಿ ರಿಪಬ್ಲಿಕನ್ನರ ಹೆಸರು ಮೇಲಿತ್ತು. ಸುಪ್ರೀಂ ಕೋರ್ಟಿನ ಸ್ಪರ್ಧೆಯಲ್ಲಿ ಮಾರ್ಗನ್ ಹೆಸರು ಮೇಲಿತ್ತು. ಮೇಲಿನ ಹೆಸರು ರಿಪಬ್ಲಿಕನ್ನರದೇ ಎಂದು ಕೆಲವರು ಭಾವಿಸಿರಬಹುದೆಂಬ ಚರ್ಚೆ ನಡೆಯಿತು. ಇದೇ ಫಲಿತಾಂಶದಿಂದ ಏಳು ಸದಸ್ಯರ ಆ ಪೀಠದಲ್ಲಿ ಬಹುಮತ ಡೆಮಾಕ್ರಾಟರ ಕಡೆಗೆ ವಾಲಿತು. ಮುಂದಿನ ತಿಂಗಳೇ ಶಾಸನಸಭೆಯು ಸುಪ್ರೀಂ ಕೋರ್ಟಿನ ಚುನಾವಣೆಯನ್ನೂ ಪಕ್ಷಾಧಾರಿತಗೊಳಿಸಿತು. ಅದು 2018ರಿಂದ ಜಾರಿಗೆ ಬಂತು.

ಹಣದ ಪ್ರಭಾವ

ಪಕ್ಷದ ಹೆಸರನ್ನು ತೆಗೆದರೆ ಪಕ್ಷ ದೂರ ಸರಿಯುವುದಿಲ್ಲ. ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ 2025ರ ಏಪ್ರಿಲ್‌ನಲ್ಲಿ ನಡೆದ ಚುನಾವಣೆ ಕಾನೂನಿನ ದೃಷ್ಟಿಯಲ್ಲಿ ಪಕ್ಷರಹಿತ. ಸೂಸನ್ ಕ್ರಾಫರ್ಡ್ ಹಾಗೂ ಬ್ರಾಡ್ ಶಿಮೆಲ್ ನಡುವಿನ ಆ ಸ್ಪರ್ಧೆಗೆ 10 ಕೋಟಿ ಡಾಲರ್‌ಗಿಂತ ಹೆಚ್ಚು ವೆಚ್ಚವಾಯಿತು. ಉದ್ಯಮಿ ಎಲಾನ್ ಮಸ್ಕ್ ಶಿಮೆಲ್ ಪರ ಹಣ ಸುರಿದರೂ ಗೆದ್ದವರು ಕ್ರಾಫರ್ಡ್.

ಇದರಿಂದ ಕಕ್ಷಿದಾರನಿಗೆ ಆಗುವ ತೊಂದರೆಯನ್ನು ಪಶ್ಚಿಮ ವರ್ಜೀನಿಯಾದ ಪ್ರಕರಣವೊಂದು ಜಗತ್ತಿಗೇ ತೋರಿಸಿತು. 5 ಕೋಟಿ ಡಾಲರ್ ಪರಿಹಾರದ ತೀರ್ಪಿಗೆ ಗುರಿಯಾಗಿದ್ದ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್, 2004ರಲ್ಲಿ ಬ್ರೆಂಟ್ ಬೆಂಜಮಿನ್ ಅವರ ಗೆಲುವಿಗಾಗಿ ಸುಮಾರು 30 ಲಕ್ಷ ಡಾಲರ್ ವೆಚ್ಚ ಮಾಡಿದರು. ಕಂಪನಿಯ ಮೇಲ್ಮನವಿಯನ್ನು ಆಲಿಸಿದ ಪೀಠದಲ್ಲಿ ಬೆಂಜಮಿನ್ ಇದ್ದರು. ಪರಿಹಾರದ ತೀರ್ಪು 3-2ರಿಂದ ರದ್ದಾಯಿತು. ಅವರು ಪ್ರಕರಣದಿಂದ ಹಿಂದೆ ಸರಿಯಬೇಕಿತ್ತೆಂದು ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ 5-4ರ ಬಹುಮತದಿಂದ ಹೇಳಿತು.

ಅಂದು ಪಕ್ಷಾಧಾರಿತ ಚುನಾವಣೆ ನಡೆಸುತ್ತಿದ್ದ ಪಶ್ಚಿಮ ವರ್ಜೀನಿಯಾ 2015ರಲ್ಲಿ ಪಕ್ಷರಹಿತ ಪದ್ಧತಿಗೆ ಬಂತು. ಒಹಾಯೊ 2021ರ ಕಾಯ್ದೆಯ ಮೂಲಕ ಮೇಲ್ಮನವಿ ನ್ಯಾಯಮೂರ್ತಿಗಳ ಮತಪತ್ರಕ್ಕೆ ಪಕ್ಷದ ಹೆಸರು ಸೇರಿಸಿತು. ರಾಜ್ಯಗಳು ಹೀಗೆ ಎರಡೂ ದಿಕ್ಕಿಗೆ ನಡೆಯುತ್ತಿವೆ. ಮತದಾರನಿಗೆ ಅಭ್ಯರ್ಥಿಯನ್ನು ಪರಿಚಯಿಸುವ, ಪ್ರಚಾರದ ಹಣಕ್ಕೆ ಮಿತಿ ಹಾಕುವ ವ್ಯವಸ್ಥೆಯಿಲ್ಲದೆ ಪಕ್ಷದ ಹೆಸರನ್ನು ಮಾತ್ರ ಅಳಿಸಿದರೆ ಮತದಾರನಿಗಿದ್ದ ಒಂದು ಸುಳಿವು ಇಲ್ಲವಾಗುತ್ತದೆಯೇ ಹೊರತು ನ್ಯಾಯಪೀಠ ನಿಷ್ಪಕ್ಷಪಾತವಾಗುವುದಿಲ್ಲ ಎಂಬುದು ಉತ್ತರ ಕೆರೊಲಿನಾದ ಅನುಭವ.