ನಕ್ಷೆಯೇ ಸಾಕ್ಷಿ

ಕಟ್ಟಡವು ಕೈಬದಲಾದಂತೆ ಅದರ ಬಳಕೆಯೂ ಬದಲಾಗುವದು. ಆದರೆ ಅದರ ಮೂಲ ಉದ್ದೇಶವನ್ನು ನಕ್ಷೆಯು ಮರೆಯದು. ಮೈಸೂರಿನ ಲಲಿತಮಹಲು ಇದಕ್ಕೆ ತಕ್ಕ ನಿದರ್ಶನವು. ವೈಸರಾಯರ ಬಿಡಾರಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ೧೯೨೧ರಲ್ಲಿ ಇದಕ್ಕೆ ಅಸ್ತಿವಾರವನ್ನಿಟ್ಟರು. ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿಯವರು ಲಂಡನ್ನಿನ ಸೇಂಟ್ ಪಾಲ್ ಪ್ರಾರ್ಥನಾಮಂದಿರದ ಗುಮ್ಮಟವನ್ನು ಮನಸ್ಸಿನಲ್ಲಿಟ್ಟುಕೊಂಡು ಇದರ ನಕ್ಷೆಯನ್ನು ರಚಿಸಿದರು. ೧೯೭೪ರಲ್ಲಿ ಆ ಅತಿಥಿಗೃಹವು ಹೊಟೇಲಾಯಿತು.

ತಳನಕ್ಷೆಯು ಕೋಣೆಗಳ ಸಂಬಂಧವನ್ನು ತಿಳಿಸುವದು. ಮುಂಭಾಗದ ಚಿತ್ರವು ಜೋಡಿಕಂಬಗಳ ಅಂತರವನ್ನು ತೋರಿಸುವದು. ಸೀಳುನಕ್ಷೆಯು ಗುಮ್ಮಟದ ಭಾರವು ಗೋಡೆಗಿಳಿಯುವ ಬಗೆಯನ್ನು ಬಯಲುಮಾಡುವದು. ಮುಂದೆ ಗೋಡೆಯೊಂದನ್ನು ಒಡೆದರೂ ಸೇರಿಸಿದರೂ ಮೊದಲಿನ ರೂಪವನ್ನು ಈ ಕಾಗದಗಳಿಂದಲೇ ಅರಿಯಬೇಕು.

ಪುರಾತನ ದೇಗುಲಗಳ ವಿಷಯದಲ್ಲಿ ಈ ಕ್ರಮವು ತಿರುಗುಮುರುಗಾಯಿತು: ಕಟ್ಟಡವು ಮೊದಲು, ಕಾಗದವು ಆಮೇಲೆ. ಹನ್ನೊಂದನೆಯ ಶತಮಾನದ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವೂ ಸೇರಿದಂತೆ ಕನ್ನಡ ಜಿಲ್ಲೆಗಳ ಚಾಲುಕ್ಯ ದೇಗುಲಗಳನ್ನು ಹೆನ್ರಿ ಕಸಿನ್ಸರು ವಿವರಿಸಿದ, ಅಳತೆಯ ನಕ್ಷೆಗಳುಳ್ಳ ಗ್ರಂಥವು ೧೯೨೬ರಲ್ಲಿ ಪ್ರಕಟವಾಯಿತು.

ದೇಗುಲಕ್ಕೂ ಅರಮನೆಗೂ ದೊರೆತ ಈ ಭಾಗ್ಯವು ಹಳ್ಳಿಯ ವಾಡೆಗಳಿಗೆ ದೊರೆತುದು ವಿರಳ. ಸವಾಯಿ ಗಂಧರ್ವರ ಸಂಗೀತದಿಂದ ಹೆಸರಾದ ಕುಂದಗೋಳದ ನಾಡಿಗೇರ ವಾಡೆಯಂಥವು ಊರಿನ ಬಾಳನ್ನೇ ಗೋಡೆಗಳಲ್ಲಿ ಹಿಡಿದಿಟ್ಟಿವೆ. ತೊಲೆ ಮುರಿದು ಬಿದ್ದ ಮೇಲೆ ಅಳೆಯಲು ಏನೂ ಉಳಿಯದು. ನಿಂತಿರುವಾಗಲೇ ಅಳೆದಿಡುವದು ಊರವರ ಕರ್ತವ್ಯವು; ಅದಕ್ಕೆ ಬೇಕಾದುದು ಅಳತೆಯ ಪಟ್ಟಿ, ಕಾಗದ ಮತ್ತು ಶ್ರದ್ಧೆ.