ಸವೆದ ಪಿಸ್ತೂಲಿನ ಬೆಲೆ

ಹಳೆಯ ಸೈನಿಕ ಪಿಸ್ತೂಲಿಗೆ ಬೆಲೆ ಕಟ್ಟುವವರು ಕೇಳುವ ಪ್ರಶ್ನೆಗಳು ಎರಡು. ಅದು ಹೇಗೆ ಸವೆದಿದೆ? ಯಾರ ಕೈಯಲ್ಲಿತ್ತು? ಎರಡನೆಯ ಪ್ರಶ್ನೆ ಮುಧೋಳ ಸೀಮೆಯಲ್ಲಿ ಬರಿಯ ವ್ಯಾಪಾರದ ಮಾತಲ್ಲ. 1857ರಲ್ಲಿ ಆಂಗ್ಲರು ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಆಯುಧ ಒಪ್ಪಿಸಲು ಹಲಗಲಿಯ ಬೇಡರು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರು ಕಟ್ಟಿ ಹಾಡಿದ ಆ ಕಥೆಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚು ಹಾಕಿಸಿದರು.

ಹೀಗಿರುವಾಗ ಜಮಖಂಡಿಯಲ್ಲೋ ಬೀಳಗಿಯಲ್ಲೋ ಒಂದು ಹಳೆಯ ಮನೆಯ ಪೆಟ್ಟಿಗೆಯಿಂದ ಪಿಸ್ತೂಲು ಹೊರಬಂದರೆ, ಅದು ಹಲಗಲಿಯ ಕಾಳಗದ್ದೇ ಎನ್ನುವ ಆಸೆ ಸಹಜ. ಆದರೆ ಕಥೆಯನ್ನು ಲೋಹವೂ ಒಪ್ಪಬೇಕು. ಕಂಪನಿ ಸರ್ಕಾರದ ಆಯುಧಗಳ ಕೀಲುಫಲಕದಲ್ಲಿ ಸಿಂಹದ ಮುದ್ರೆಯೂ ಇಸವಿಯೂ ಇರುವುದುಂಟು. ಇಸವಿ 1857ಕ್ಕಿಂತ ಈಚಿನದಾದರೆ ಕಥೆ ಅಲ್ಲಿಗೇ ಮುಗಿಯಿತು.

ಸವೆತದಲ್ಲಿಯೂ ಭೇದವಿದೆ. ರಬಕವಿ-ಬನಹಟ್ಟಿಯ ನೇಕಾರರು ಉಟ್ಟು ಸವೆದ ಸೀರೆಯನ್ನೂ ನುಸಿ ತಿಂದ ಸೀರೆಯನ್ನೂ ಒಂದೇ ನೋಟಕ್ಕೆ ಬೇರೆ ಮಾಡಬಲ್ಲರು. ಹಾಗೆಯೇ ಅಂಗೈ ತಾಗಿ ನುಣುಪಾದ ಹಿಡಿ, ಮದ್ದಿನ ಉರಿಗೆ ಕಿವಿಯ ಬಳಿ ತಿಂದುಹೋದ ಕಬ್ಬಿಣ, ಇವು ಬಳಕೆಯ ಸಾಕ್ಷಿಗಳು. ನಿರ್ಲಕ್ಷ್ಯದಿಂದ ಹಿಡಿದ ತುಕ್ಕು ಬೆಲೆಯನ್ನು ಇಳಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಇಳಿಸುವುದು ಮರಳುಕಾಗದ. ಉಜ್ಜಿ ಹೊಳಪು ಕೊಟ್ಟವನು ತುಕ್ಕಿನೊಡನೆ ಮುದ್ರೆಯನ್ನೂ ಅಳಿಸಿರುತ್ತಾನೆ.

ಶ್ರೀರಂಗಪಟ್ಟಣದ ಉದಾಹರಣೆ ಕಣ್ಣು ತೆರೆಸುವಂಥದು. ಟಿಪ್ಪುವಿನ ಆಯುಧಶಾಲೆಯದೆಂದು ಸಿದ್ಧವಾದ ಒಂದು ಬಂದೂಕು 2019ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. ಅದರ ಮೈಮೇಲೆ ಪೆಟ್ಟಿನ ಗುರುತುಗಳಿದ್ದವು. ಕೊನೆಯ ಕಾಳಗದಲ್ಲಿ ಬಿದ್ದವಿರಬಹುದೆಂಬ ಊಹೆಯಿಂದ ಅವು ದೋಷವಾಗದೆ ಆಕರ್ಷಣೆಯಾದವು. ಊಹೆಗೆ ಬಲ ಬಂದುದು ಆಯುಧ ಯಾರಿಂದ ಯಾರಿಗೆ ಬಂದಿತೆಂಬ ದಾಖಲೆಯಿಂದ. ಗೆದ್ದವರು ಕೊಂಡೊಯ್ದದ್ದನ್ನು ಬರೆದಿಟ್ಟರು. ಸೋತ ಹಲಗಲಿಗೆ ಉಳಿದದ್ದು ಹಾಡು.

ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯ್ದೆ ನಿಷೇಧಿಸುತ್ತದೆ. ಆದುದರಿಂದ ಲಂಡನ್ನಿನ ಬೆಲೆಯನ್ನು ನೆನೆದು ಫಲವಿಲ್ಲ. ಮನೆಯಲ್ಲಿ ಹಳೆಯ ಆಯುಧವುಳ್ಳವರಿಗೆ ನನ್ನ ಬಿನ್ನಹವಿಷ್ಟೆ: ಅದನ್ನು ಉಜ್ಜಬೇಡಿರಿ, ಕಾನೂನಿನಂತೆ ಇಟ್ಟುಕೊಳ್ಳಿರಿ, ಹಿರಿಯರು ಬದುಕಿರುವಾಗಲೇ ಅದು ಬಂದ ಬಗೆಯನ್ನು ಕೇಳಿ, ತಾರೀಖು ಹಾಕಿ ಬರೆದಿಡಿರಿ. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬರೆಯಿರಿ. ಹಲಗಲಿಯ ಹೆಸರನ್ನು ಸುಳ್ಳು ಪಿಸ್ತೂಲಿಗೆ ಅಂಟಿಸಿದರೆ ಮೋಸಹೋಗುವವನು ಕೊಳ್ಳುವವನೊಬ್ಬನೇ ಅಲ್ಲ. ಆಯುಧ ಬಿಡಲೊಲ್ಲದೆ ಪ್ರಾಣ ಬಿಟ್ಟವರಿಗೂ ಅದು ಅನ್ಯಾಯ.