ಯುದ್ಧವನ್ನು ಕಾಣದ ಸಾಹಸಿ: ತಾರ್ದಿಯ ಅದೆಲ್

1911ರ ನವೆಂಬರ್ ತಿಂಗಳ ಒಂದು ರಾತ್ರಿ. ಪ್ಯಾರಿಸ್ಸಿನ ಸಸ್ಯೋದ್ಯಾನದ ವಸ್ತುಸಂಗ್ರಹಾಲಯದಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಮೊಟ್ಟೆಯೊಂದು ಬಿರಿದು, ಅದರೊಳಗಿಂದ ಹಾರುವ ಸರೀಸೃಪ ಹೊರಬಂದು ನಗರದ ಮೇಲೆ ಎರಗುತ್ತದೆ. ಫ್ರೆಂಚ್ ಚಿತ್ರಕಾರ ಜಾಕ್ ತಾರ್ದಿ 1976ರಲ್ಲಿ ಆರಂಭಿಸಿದ ಅದೆಲ್ ಬ್ಲಾಂಸೆಕ್ ಚಿತ್ರಕಾದಂಬರಿ ಮಾಲೆಯ ತೊಡಗು ಇದು. ಕಥಾನಾಯಕಿಯ ಪ್ರವೇಶವೂ ಅಷ್ಟೇ ವಿಲಕ್ಷಣ. ಅವಳು ಬರುವುದು ಇನ್ನೊಬ್ಬಳ ಹೆಸರು ಹೊತ್ತು. ಆ ಇನ್ನೊಬ್ಬಳನ್ನು ಅಪಹರಿಸುವವಳೂ ಅವಳೇ.

ಫ್ರೆಂಚ್ ಚಿತ್ರಕಥೆಯಲ್ಲಿ ಇಂಥ ಹೆಣ್ಣು ಸುಲಭವಾಗಿ ಹುಟ್ಟಿದವಳಲ್ಲ. 1905ರಿಂದ ಹುಡುಗಿಯರ ವಾರಪತ್ರಿಕೆಯೊಂದರಲ್ಲಿ ಜನಪ್ರಿಯಳಾದ ಬೆಕಾಸಿನ್ ಬ್ರಿಟನಿ ಪ್ರಾಂತದ ಮುಗ್ಧ ಮನೆಗೆಲಸದವಳು. ಅವಳ ಮುಖಕ್ಕೆ ಚಿತ್ರಕಾರ ಬಹುಮಟ್ಟಿಗೆ ಬಾಯಿಯನ್ನೇ ಬರೆಯಲಿಲ್ಲ! ಮುಂದೆ, ಮಕ್ಕಳ ಪ್ರಕಟಣೆಗಳ ನೀತಿಯನ್ನು ಕಾಯಲು 1949ರ ಜುಲೈಯಲ್ಲಿ ಬಂದ ಕಾನೂನು ಮತ್ತು ಅದರ ಮೇಲ್ವಿಚಾರಣಾ ಸಮಿತಿಯ ಭಯದಿಂದ ಪ್ರಕಾಶಕರು ಸ್ತ್ರೀಪಾತ್ರಗಳನ್ನೇ ವಿರಳಗೊಳಿಸಿದರು. 1960ರ ದಶಕದಲ್ಲಿ ಬಾರ್ಬರೆಲಾ ಆ ಕಟ್ಟನ್ನು ಮುರಿದಳೆನ್ನುವುದು ನಿಜ. ಆದರೆ ಆಕೆಯನ್ನು ಚಿತ್ರಿಸಿದ ಕಣ್ಣು ಮುಖ್ಯವಾಗಿ ಪುರುಷನ ಕಣ್ಣು. ಅದೆಲ್ ಇವರಿಬ್ಬರ ಸಾಲಿಗೂ ಸೇರುವುದಿಲ್ಲ. ಅವಳು ಸಿಡುಕಿ, ಸಿಗರೇಟು ಸೇದುವವಳು, ಧಾರಾವಾಹಿ ಕಾದಂಬರಿಗಳನ್ನು ಬರೆದು ಬದುಕುವವಳು. ಯಾರ ಪ್ರೀತಿಯನ್ನೂ ಬೇಡುವುದಿಲ್ಲ, ಓದುಗನದನ್ನಂತೂ ಇಲ್ಲವೇ ಇಲ್ಲ.

ಇದು ಕೇವಲ ಕಲ್ಪನೆಯ ಸ್ವೈರವಿಹಾರವೆಂದು ತಳ್ಳಿಹಾಕುವಂತಿಲ್ಲ. ಕಥೆ ನಡೆಯುವ ಅದೇ 1911ರಲ್ಲಿ ಅಲೆಕ್ಸಾಂಡ್ರಾ ಡೇವಿಡ್-ನೀಲ್ ಭಾರತದತ್ತ ಹೊರಟಳು. ಆಕೆ ಯುರೋಪಿಗೆ ಮರಳಿದ್ದು ಹದಿನಾಲ್ಕು ವರ್ಷಗಳ ಅನಂತರ, ವೇಷ ಮರೆಸಿಕೊಂಡು ಲ್ಹಾಸಾವನ್ನು ಹೊಕ್ಕು ಬಂದ ಮೇಲೆ. ಮತದಾನದ ಹಕ್ಕು ಮಾತ್ರ ಫ್ರೆಂಚ್ ಮಹಿಳೆಗೆ 1944ರವರೆಗೂ ದೊರೆಯಲಿಲ್ಲ.

ಓದಿನ ಸುಖ ಈ ಮಾಲೆಯಲ್ಲಿ ಧಾರಾಳವಾಗಿದೆ. ಮಮ್ಮಿಗಳು, ಅಸ್ಸೀರಿಯಾದ ಭೂತದ ಆರಾಧಕರು, ಹುಚ್ಚು ವಿಜ್ಞಾನಿಗಳು, ಪದೇ ಪದೇ ಎಡವುವ ಇನ್ಸ್‌ಪೆಕ್ಟರ್ ಕಪೋನಿ. ಕಥೆಯ ಎಳೆಗಳು ಎಷ್ಟು ಸಿಕ್ಕಾಗುತ್ತವೆಯೆಂದರೆ ಓದುಗ ಮತ್ತೆ ಮತ್ತೆ ಹಿಂದಿನ ಪುಟಕ್ಕೆ ಹೋಗಬೇಕು. ಹಳೆಯ ಪತ್ತೇದಾರಿ ಧಾರಾವಾಹಿಗಳ ಅಣಕವಾದ್ದರಿಂದ ಈ ಸಿಕ್ಕು ಉದ್ದೇಶಪೂರ್ವಕ. ಅದರ ಹಿನ್ನೆಲೆಯಲ್ಲಿ ನಿಲ್ಲುವ ಪ್ಯಾರಿಸ್ಸಿನ ಸೇತುವೆ, ಬೀದಿ, ದೀಪಗಳು ಮಾತ್ರ ದಾಖಲೆಯಷ್ಟು ನಿಖರ.

ಆದರೆ ಈ ಮಾಲೆಯ ನಿಜವಾದ ಐತಿಹಾಸಿಕ ತೂಕವಿರುವುದು ಒಂದು ಗೈರುಹಾಜರಿಯಲ್ಲಿ. ನಾಲ್ಕನೆಯ ಸಂಪುಟದ (1978) ಕೊನೆಗೆ ಅದೆಲ್ ಹತಳಾಗುತ್ತಾಳೆ. ದೇಹವನ್ನು ಶೈತ್ಯದಲ್ಲಿ ಕಾಪಿಡಲಾಗುತ್ತದೆ. ಐದನೆಯ ಸಂಪುಟ (1981) ಮಹಾಯುದ್ಧದ ಕಾಲದ್ದು, ಅಲ್ಲಿ ಕಥೆಯನ್ನು ಹೊರುವವನು ಯುದ್ಧದಲ್ಲಿ ತೋಳು ಕಳೆದುಕೊಂಡ ಬ್ರಿಂದಾವ್ವಾನ್. ತನ್ನದೇ ಹೆಸರಿನ ಮಾಲೆಯಲ್ಲಿ ನಾಯಕಿ ಬಹುತೇಕ ಇಲ್ಲ. ಯುದ್ಧ ಮುಗಿಯುವ ವೇಳೆಗಷ್ಟೇ ಅವಳು ಕಣ್ತೆರೆಯುತ್ತಾಳೆ.

ಇದನ್ನು ಕಥಾತಂತ್ರವೆಂದಷ್ಟೇ ಓದಿದರೆ ಸಾಲದು. ತಾರ್ದಿಯ ಅಜ್ಜ ಆ ಯುದ್ಧದ ಸೈನಿಕ. ಅವನ ಅನುಭವಗಳು ಮೊಮ್ಮಗನನ್ನು ತಲುಪಿದ್ದು ಅಜ್ಜಿಯ ಬಾಯಿಂದ. ಹದಿಮೂರು ಲಕ್ಷಕ್ಕೂ ಹೆಚ್ಚು ಫ್ರೆಂಚ್ ಸೈನಿಕರು ಸತ್ತ ಆ ಕಂದಕಗಳಿಗೆ ಸಾಹಸಕಥೆಯ ನಾಯಕಿಯನ್ನು ಇಳಿಸಿದ್ದರೆ ಅವು ಸಾಹಸಭೂಮಿಯಾಗಿಬಿಡುತ್ತಿದ್ದವು. ಅಂದಿನ ಸಮಾಜ ಹೆಣ್ಣಿಗೆ ತೆರೆದಿಟ್ಟಿದ್ದ ಶುಶ್ರೂಷಾಲಯ ಅಥವಾ ಮದ್ದುಗುಂಡಿನ ಕಾರ್ಖಾನೆಯಲ್ಲಿ ಅವಳನ್ನು ನಿಲ್ಲಿಸಿದ್ದರೆ ಅವಳು ಯುದ್ಧದ ಸೇವಕಿಯಾಗುತ್ತಿದ್ದಳು. ಅದೆಲ್‌ಳ ಸ್ವಭಾವಕ್ಕೆ ಒಪ್ಪುವ ಮೂರನೆಯ ಸ್ಥಾನ ಆ ನಾಲ್ಕು ವರ್ಷಗಳಲ್ಲಿರಲಿಲ್ಲ. ಆದ್ದರಿಂದಲೇ ಹಿಮದ ನಿದ್ರೆ. ಕಂದಕಗಳ ಕಥೆಯನ್ನು ತಾರ್ದಿ ಬೇರೆಯಾಗಿಯೇ ಬರೆದ. 1993ರಲ್ಲಿ ಗ್ರಂಥರೂಪ ಪಡೆದ ಆ ಕೃತಿಯಲ್ಲಿ ನಾಯಕರೇ ಇಲ್ಲ, ಸಾಯುವವರಿದ್ದಾರೆ.

ನಿದ್ರೆಯಿಂದೆದ್ದ ಅದೆಲ್ ಕಾಣುವ ಪ್ಯಾರಿಸ್ಸಿನಲ್ಲಿ ಅಂಗಹೀನ ಸೈನಿಕರು ಓಡಾಡುತ್ತಾರೆ. ವಿಚಿತ್ರ ಪ್ರಾಣಿಗಳು ಇನ್ನೂ ಬರುತ್ತವೆ, ಆದರೆ ಅವುಗಳಿಗೆ ಹಿಂದಿನ ಭಯ ಹುಟ್ಟಿಸುವ ಶಕ್ತಿಯಿಲ್ಲ. 1994ರಲ್ಲಿ ಬಂದ ಏಳನೆಯ ಸಂಪುಟಕ್ಕೆ ತಾರ್ದಿ ಇಟ್ಟ ಹೆಸರಿನ ಅರ್ಥ ‘ಎಲ್ಲರೂ ರಾಕ್ಷಸರೇ!’